ಬಾಗಿಲಲ್ಲೇ ಅಂಕಪಟ್ಟಿ

ಮಾಟುಂಗಾದಲ್ಲೋ ಟಿ. ನಗರದಲ್ಲೋ ಕಾಚಿಗುಡದಲ್ಲೋ ಇಡ್ಲಿ-ವಡೆಗೆಂದು ಹೊಟೇಲಿನ ಮುಂದೆ ನಿಂತಿದ್ದೀರಿ ಅಂದುಕೊಳ್ಳಿ. ಒಳಗೆ ಹೋಗಬೇಕೋ ಬೇಡವೋ ಅಂತ ಹೇಗೆ ತೀರ್ಮಾನಿಸುತ್ತೀರಿ? ಜನ ತುಂಬಿದ್ದಾರಾ, ಸಾಂಬಾರಿನ ಘಮ ಬರುತ್ತಿದೆಯಾ, ಗಲ್ಲಾದಲ್ಲಿ ಕೂತವರು ನಮ್ಮ ಕಡೆಯವರಾ? ಇಷ್ಟೇ ತಾನೆ? ಅಡುಗೆಮನೆಯ ನೆಲ ಹೇಗಿದೆ, ಚಟ್ನಿಗೆ ಬೆರೆಸಿದ ನೀರು ಎಲ್ಲಿಯದು ಅನ್ನುವುದು ಟೇಬಲ್ಲಿನಿಂದ ಕಾಣುವುದಿಲ್ಲ. ರುಚಿಗೂ ಶುಚಿಗೂ ಪ್ರಾಸ ಕೂಡುತ್ತದೆ, ನೆಂಟಸ್ತಿಕೆ ಕೂಡಲೇಬೇಕೆಂದಿಲ್ಲ.

ಈ ಕಾಣದ್ದನ್ನು ಬಾಗಿಲಿಗೆ ತಂದು ಅಂಟಿಸಿ ಹೆಸರಾದ ಊರು ಅಮೆರಿಕದ ಲಾಸ್ ಏಂಜಲೀಸ್. 1997ರ ನವೆಂಬರಿನಲ್ಲಿ ಅಲ್ಲಿನ ಟಿವಿ ವಾಹಿನಿಯೊಂದು ಗುಪ್ತ ಕ್ಯಾಮರಾ ಹಿಡಿದು ಹೊಟೇಲುಗಳ ಅಡುಗೆಮನೆ ಹೊಕ್ಕು, ಒಳಗಿನ ಗಲೀಜನ್ನು ಊರಿಗೆಲ್ಲ ತೋರಿಸಿತು. ಜನ ಹೌಹಾರಿದರು. 1998ರ ಜನವರಿಯಲ್ಲೇ ಕೌಂಟಿ ಆಡಳಿತ ಹೊಸ ನಿಯಮ ತಂದಿತು. ತಪಾಸಣೆಯಲ್ಲಿ 90 ಅಥವಾ ಹೆಚ್ಚು ಅಂಕ ಬಂದರೆ ಎ, 80ರಿಂದ ಬಿ, 70ರಿಂದ ಸಿ. ಆ ಅಕ್ಷರವನ್ನು ಗಿರಾಕಿಗೆ ಕಾಣುವಂತೆ ಹಾಕಲೇಬೇಕು. ಕೌಂಟಿಯ ನಗರಗಳು ಒಂದೊಂದಾಗಿ ಇದನ್ನು ಒಪ್ಪಿಕೊಂಡವು.

ಗಮನಿಸಿ, ತಪಾಸಣೆ ಮೊದಲೂ ಇತ್ತು. ವರದಿ ಮಾತ್ರ ಕಚೇರಿಯ ಕಡತದಲ್ಲಿ ಮಲಗಿರುತ್ತಿತ್ತು. ಅದು ಬಾಗಿಲಿಗೆ ಬಂದ ಮೇಲೆ ಹೊಟೇಲುಗಳ ಅಂಕ ಏರಿತು, ಎ ಸಿಕ್ಕವರ ವ್ಯಾಪಾರವೂ ಏರಿತು ಎಂದು 2003ರಲ್ಲಿ ಜಿನ್ ಮತ್ತು ಲೆಸ್ಲಿ ಎಂಬ ಅರ್ಥಶಾಸ್ತ್ರಜ್ಞರು ಬರೆದರು. ಕೆಟ್ಟ ಆಹಾರದಿಂದ ಆಸ್ಪತ್ರೆ ಸೇರುವವರು ಶೇಕಡ 20ರಷ್ಟು ಕಡಿಮೆಯಾದರು ಎಂದೂ ಹೇಳಿದರು. ಇದು ಎಷ್ಟೋ ಊರುಗಳಿಗೆ ಮಾದರಿಯಾಯಿತು. ಆದರೆ 2019ರಲ್ಲಿ ಬೇರೆ ಸಂಶೋಧಕರು ಅದೇ ಲೆಕ್ಕವನ್ನು ಮತ್ತೆ ಕೆದಕಿದರು. ಗ್ರೇಡ್ ಬರುವ ಮುಂಚೆ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಸಾಲ್ಮೊನೆಲ್ಲಾ ಹಾವಳಿ ಎದ್ದು ಇಳಿದಿತ್ತು, ಇಳಿಕೆಯ ಯಶಸ್ಸನ್ನು ಗ್ರೇಡಿಗೆ ಕಟ್ಟಿದ್ದು ಸರಿಯಲ್ಲ ಎಂದರು. ಹಾಗಾಗಿ ಬೋರ್ಡು ನೋಡಿದ್ದಕ್ಕೇ ಹೊಟ್ಟೆ ಕೆಡುವುದಿಲ್ಲ ಅಂತ ನಂಬಬೇಡಿ.

ಹಾಗಾದರೆ ಬೋರ್ಡು ದಂಡವೇ? ನನಗೆ ಹಾಗೆ ಅನ್ನಿಸುವುದಿಲ್ಲ. ಸಿ ಎಂಬ ಅಕ್ಷರವನ್ನು ತನ್ನ ಬಾಗಿಲಿಗೆ ತಾನೇ ಅಂಟಿಸಿಕೊಳ್ಳಬೇಕಾದ ಮಾಲೀಕನಿಗೆ ನಾಚಿಕೆ ಎನ್ನುವುದೊಂದು ಇರುತ್ತದೆ. ಆ ನಾಚಿಕೆ ಹುಟ್ಟಬೇಕಾದರೆ ಬೋರ್ಡು ಕಡ್ಡಾಯವಾಗಿರಬೇಕು. ಬ್ರಿಟನ್ನಿನಲ್ಲಿ 0ಯಿಂದ 5ರವರೆಗೆ ಅಂಕ ಕೊಡುತ್ತಾರೆ. ವೇಲ್ಸ್‌ನಲ್ಲಿ 2013ರಿಂದ, ಉತ್ತರ ಐರ್ಲೆಂಡಿನಲ್ಲಿ 2016ರಿಂದ ಅದನ್ನು ಬಾಗಿಲಲ್ಲಿ ತೋರಿಸಲೇಬೇಕು. ಇಂಗ್ಲೆಂಡಿನಲ್ಲಿ ಇಷ್ಟವಿದ್ದರೆ ತೋರಿಸಬಹುದು. 1 ಬಂದವನು ಯಾಕೆ ತೋರಿಸುತ್ತಾನೆ ಹೇಳಿ!

ನಮ್ಮ ದೇಶದ್ದೂ ಇಂಗ್ಲೆಂಡಿನ ದಾರಿಯೇ. ಆಹಾರ ಸುರಕ್ಷತಾ ಪ್ರಾಧಿಕಾರ, ಅಂದರೆ ಎಫ್‌ಎಸ್‌ಎಸ್‌ಎಐ, ಹೊಟೇಲುಗಳಿಗೆ ಒಂದರಿಂದ ಐದು ನಗುಮೊಗದ ಸ್ಮೈಲಿ ಕೊಡುವ ಯೋಜನೆ ಇಟ್ಟಿದೆ. ಆದರೆ ಅದಕ್ಕೆ ಹೊಟೇಲಿನವರೇ ಮುಂದೆ ಬರಬೇಕು. ಐದು ನಗುಮೊಗ ಕಂಡರೆ ಸಂತೋಷ. ಏನೂ ಕಾಣದಿದ್ದರೆ ಕೇಳುವವರು ಯಾರು? ನಾವಂತೂ ಕೇಳುವುದಿಲ್ಲ. ಕೇಳಿದರೆ ಮಾಣಿ ಏನಂದುಕೊಂಡಾನು ಎಂಬ ಸಂಕೋಚ ಬೇರೆ.

ಈ ಸಂಕೋಚಕ್ಕೆ ಬೆಂಗಳೂರಿನ ಎಂಟಿಆರ್ ಹಿಂದೆಯೇ ಮದ್ದು ಕಂಡುಕೊಂಡಿತ್ತು. 1951ರಲ್ಲಿ ಯೂರೋಪ್ ಸುತ್ತಿ ಬಂದ ಯಜ್ಞನಾರಾಯಣ ಮಯ್ಯರು ಪಾತ್ರೆಗಳನ್ನು ಕ್ರಿಮಿಶುದ್ಧಿ ಮಾಡುವ ಪದ್ಧತಿ ತಂದರು, ಗಿರಾಕಿಗಳಿಗೆ ಅಡುಗೆಮನೆಯ ಬಾಗಿಲನ್ನೂ ತೆರೆದಿಟ್ಟರು. ಅಂಕಪಟ್ಟಿ ಯಾಕೆ, ಪರೀಕ್ಷೆಯ ಕೋಣೆಗೇ ಬನ್ನಿ ಅಂದ ಹಾಗೆ!

ಸದ್ಯಕ್ಕೆ ನಿಮ್ಮ ಕೈಯಲ್ಲಿರುವುದು ಬಿಲ್ಲು. 2022ರ ಜನವರಿ 1ರಿಂದ ಅದರ ಮೇಲೆ ಎಫ್‌ಎಸ್‌ಎಸ್‌ಎಐನ 14 ಅಂಕಿಗಳ ಸಂಖ್ಯೆ ಇರಲೇಬೇಕು. ಅದು ಪರವಾನಗಿ ಅಥವಾ ನೋಂದಣಿ ಸಂಖ್ಯೆ ಮಾತ್ರ, ಶುಚಿತ್ವದ ಅಂಕವಲ್ಲ. ಆದರೆ ದೂರು ಕೊಡಬೇಕಾಗಿ ಬಂದರೆ ಅಡುಗೆಮನೆ ಯಾರದೆಂದು ಪತ್ತೆಯಾಗುವುದು ಅದರಿಂದಲೇ. ಇಂದು ಸಂಜೆ ಕಾಫಿ ಕುಡಿದ ಮೇಲೆ ಹುಡುಕಿ ನೋಡಿ. ಸ್ಮೈಲಿ ಅಂಟಿಸಿದ ಹೊಟೇಲು ನಿಮ್ಮ ಬಡಾವಣೆಯಲ್ಲಿ ಕಂಡರೆ ನಮಗೂ ಬರೆದು ತಿಳಿಸಿ.