ಬೇಯದ ಕಲ್ಲು, ಸವೆಯದ ವಜ್ರ

ಅಕ್ಕಿಯನ್ನು ಎಷ್ಟು ಜಾಲಿಸಿದರೂ ಒಂದೊಂದು ದಿನ ಅನ್ನದಲ್ಲಿ ಕಲ್ಲು ಸಿಕ್ಕಿ ಮನೆಯವರ ಮುಖ ಸಿಂಡರಿಸುತ್ತೆ, ಅಲ್ಲವೇ ಸೋದರಿಯರೇ? ಅದೇ ಪಾತ್ರೆಯಲ್ಲಿ ಉಪ್ಪು ಕರಗಿತು, ಅಕ್ಕಿ ಬೆಂದಿತು; ಕಲ್ಲು ಮಾತ್ರ ಹಾಗೇ ಉಳಿಯಿತು. ಯಾಕೆ? ಹತ್ತನೇ ತರಗತಿಯ ಮಗನ ರಸಾಯನಶಾಸ್ತ್ರದ ಪುಸ್ತಕ ತೆರೆದಾಗ ನನಗೆ ಉತ್ತರದ ಎಳೆ ಸಿಕ್ಕಿತು.

ಸಕ್ಕರೆಯಲ್ಲಿ ಅಣುಗಳು ಬಿಡಿಬಿಡಿ. ನೀರು ಸೋಕಿದರೆ ಒಂದೊಂದಾಗಿ ಬೇರೆಯಾಗುತ್ತವೆ. ಮರಳು, ಬೆಣಚುಕಲ್ಲುಗಳ ಕಥೆ ಬೇರೆ. ಅಲ್ಲಿ ಪ್ರತಿ ಸಿಲಿಕಾನ್ ಪರಮಾಣು ನಾಲ್ಕು ಆಕ್ಸಿಜನ್‌ಗಳ ಕೈ ಹಿಡಿದಿರುತ್ತೆ, ಪ್ರತಿ ಆಕ್ಸಿಜನ್ ಎರಡು ಸಿಲಿಕಾನ್‌ಗಳ ಕೈ. ಬಿಡಿ ಅಣುವೇ ಇಲ್ಲ, ಇಡೀ ಹರಳೇ ಒಂದು ಹೆಣಿಗೆ. ಇದಕ್ಕೆ ಬೃಹತ್ ಸಹವೇಲೆನ್ಸಿ ರಚನೆ ಅಂತ ಹೆಸರು. ಈ ಹಿಡಿತ ಸಡಿಲಿಸಿ ಕಲ್ಲು ಕರಗಿಸಲು ಸುಮಾರು 1,700 ಡಿಗ್ರಿ ಸೆಲ್ಸಿಯಸ್ ಕಾವು ಬೇಕು. ನಮ್ಮ ಒಲೆ ಎಲ್ಲಿ ಸಾಟಿ!

ಅತ್ತೆಯವರು ಕೊಟ್ಟ ಮೂಗುಬಟ್ಟಿನ ವಜ್ರವೂ ಇದೇ ಜಾತಿ. ಅದರಲ್ಲಿರುವುದು ಬರೀ ಇಂಗಾಲ. ಒಂದೊಂದು ಪರಮಾಣುವೂ ಸುತ್ತಲಿನ ನಾಲ್ಕನ್ನು ಬಿಗಿಯಾಗಿ ಹಿಡಿದಿದೆ. ಪೆನ್ಸಿಲಿನ ಗ್ರಾಫೈಟೂ ಇಂಗಾಲವೇ, ಆದರೆ ಅಲ್ಲಿ ಹಿಡಿತ ಮೂರರ ಜೊತೆ ಮಾತ್ರ. ಹಪ್ಪಳ ಜೋಡಿಸಿಟ್ಟಂತೆ ಪದರಗಳು. ಅವು ಜಾರುವುದರಿಂದಲೇ ಕಾಗದದ ಮೇಲೆ ಅಕ್ಷರ ಮೂಡುತ್ತೆ. ಉಳಿದ ಎಲೆಕ್ಟ್ರಾನು ಪದರದಲ್ಲಿ ಓಡಾಡುವುದರಿಂದ ಗ್ರಾಫೈಟಿನಲ್ಲಿ ವಿದ್ಯುತ್ತು ಹರಿಯುತ್ತೆ, ವಜ್ರದಲ್ಲಿ ಹರಿಯದು. ಪಾವಗಡದ ತಿರುಮಣಿಯ ಬಯಲಲ್ಲಿ ಹರಡಿರುವ ಸೌರಫಲಕಗಳನ್ನು ನೋಡಿದ್ದೀರಲ್ಲ? ಅಂಥ ಫಲಕಗಳ ಸಿಲಿಕಾನಿನ ರಚನೆಯೂ ವಜ್ರದಂಥದೇ.

ನಮ್ಮ ಮಧುಗಿರಿ ಬೆಟ್ಟದ ಗ್ರಾನೈಟಿನಲ್ಲೂ ಬೆಣಚು ತುಂಬಿದೆ. ಅದಕ್ಕೇ ಶತಮಾನಗಳ ಮಳೆ ಬಿದ್ದರೂ ಬೆಟ್ಟ ಅಲುಗಿಲ್ಲ. ಆದರೆ ಈ ಗಟ್ಟಿತನ ಹೆಂಗಸರ ಎದೆಗೆ ಶತ್ರುವೂ ಹೌದು. ಮಧುಗಿರಿ, ಕೊರಟಗೆರೆ, ಶಿರಾ ಕಡೆ ಜಲ್ಲಿ ಒಡೆಯುವವರು ಉಸಿರಾಡುವ ನುಣುಪು ಧೂಳು ಅನ್ನದಲ್ಲಿ ಬೇಯದ ಹಾಗೇ ಶ್ವಾಸಕೋಶದಲ್ಲೂ ಕರಗದು. ಅಲ್ಲೇ ಕೂತು ಗಾಯ ಮಾಡುತ್ತೆ. ಆ ಸಿಲಿಕೋಸಿಸ್ ಕಾಯಿಲೆ ವಾಸಿಯಾಗದು. ಕೆಲವೊಮ್ಮೆ ಕ್ಷಯವೆಂದೇ ತಪ್ಪು ತಿಳಿಯುವುದುಂಟು.

ನಮ್ಮ ಮನೆಗೆ ಪಾತ್ರೆ ತೊಳೆಯಲು ಬರುವಾಕೆ ಮೊದಲು ಜಲ್ಲಿ ಕುಟ್ಟುತ್ತಿದ್ದಳು. "ಸೆರಗು ಮುಚ್ಕೊಂಡೇ ಮಾಡ್ತಿದ್ದೆ ಕಣಮ್ಮಾ" ಅನ್ನುತ್ತಾಳೆ. ಸೆರಗು ಈ ಧೂಳನ್ನು ತಡೆಯೋಲ್ಲ. ಕಲ್ಲಿಗೆ ನೀರು ಚಿಮುಕಿಸಿ ಒಡೆಯಬೇಕು, ಧೂಳಿಗೆಂದೇ ಮಾಡಿದ ಮುಖಗವಸು ಬೇಕು. ಕೆಮ್ಮು, ಏದುಸಿರು ಇದ್ದರೆ "ಕಲ್ಲಿನ ಕೆಲಸ ಮಾಡಿದ್ದೇನೆ" ಅಂತ ವೈದ್ಯರಿಗೆ ಮೊದಲೇ ಹೇಳಬೇಕು.

ನಿಮ್ಮ ಮನೆಗೆ ಬರುವ ಅಂಥವರಿಗೆ ಇಷ್ಟು ಹೇಳ್ತೀರಿ ತಾನೇ?