ಟಪಾಲಿನಲ್ಲಿ ಬಂದ ತಾರೆಯರ ಸಹಿ!

ಚಿತ್ರರಸಿಕರೇ, ಮೆಚ್ಚಿನ ಕಲಾವಿದರ ಸಹಿ ಬೇಕೆಂದರೆ ಬೆಂಗಳೂರಿಗೇ ಓಡಬೇಕೇನು? ಶೂಟಿಂಗ್ ಜಾಗದಲ್ಲಿ ನೂಕುನುಗ್ಗಲಿಗೆ ಸಿಕ್ಕಿ ಅಂಗಿ ಹರಿದುಕೊಳ್ಳಬೇಕೇನು? ಖಂಡಿತ ಬೇಡ! ಖಾನಾಪುರ ತಾಲ್ಲೂಕಿನ ಹಲಸಿಯಲ್ಲಿ ಕೂತೇ ನಾನು ಒಂದು ಟ್ರಂಕು ತುಂಬ ಸಹಿ ಕೂಡಿಸಿದ್ದೇನೆ. ಬಂಡವಾಳ? ಲಕೋಟೆ, ಅಂಚೆಚೀಟಿ, ತಾಳ್ಮೆ. ಅಷ್ಟೇ!

ಇದೇನು ನಮ್ಮೂರಿನ ಹುಚ್ಚು ಮಾತ್ರ ಅಲ್ಲ. ಅಮೆರಿಕದಲ್ಲಿ ಬೇಸ್‌ಬಾಲ್ ಚೆಂಡನ್ನೇ ಡಬ್ಬಿಯಲ್ಲಿಟ್ಟು ಹಳೇ ಆಟಗಾರರಿಗೆ, ಅಂಪೈರುಗಳಿಗೆ ಅಂಚೆಯಲ್ಲಿ ಕಳಿಸಿ ಸಹಿ ಮಾಡಿಸಿಕೊಳ್ಳುವವರಿದ್ದಾರೆ. 108 ಜೋಡಿ ಹೊಲಿಗೆಯ ಆ ಚೆಂಡಿನಲ್ಲಿ ಎರಡು ಹೊಲಿಗೆ ಹತ್ತಿರ ಬರುವ ಜಾಗವೇ ಸಹಿಗೆ ಮೀಸಲು!

ನಮ್ಮ ಸಿನಿಮಾದಲ್ಲಿ ಅಂಪೈರುಗಳು ಯಾರು ಅಂತೀರಾ? ಕ್ಯಾಮೆರಾ ಹಿಂದೆ ನಿಂತವರು! ಮೈಸೂರಿನ ವಿ.ಕೆ. ಮೂರ್ತಿಯವರನ್ನೇ ನೋಡಿ. 1959ರ ‘ಕಾಗಜ್ ಕೆ ಫೂಲ್’ನಲ್ಲಿ ಬೆಳಕಿನ ಜಾದೂ ಮಾಡಿದವರು, 2008ನೇ ಸಾಲಿನ ಫಾಲ್ಕೆ ಪ್ರಶಸ್ತಿ ಪಡೆದವರು. ಬೀದಿಯಲ್ಲಿ ನಡೆದರೆ ಎಷ್ಟು ಜನ ಗುರುತು ಹಿಡಿಯುತ್ತಿದ್ದರು?

ನನ್ನ ದಾರಿ ತಿರುಗಿಸಿದ್ದು ಕಲ್ಪನಾ. ‘ಶರಪಂಜರ’ದ ಆ ಮಿನುಗುತಾರೆ 1979ರ ಮೇ ತಿಂಗಳಲ್ಲಿ ತೀರಿಕೊಂಡದ್ದು ನಮ್ಮದೇ ಬೆಳಗಾವಿ ಜಿಲ್ಲೆಯಲ್ಲಿ, ಸಂಕೇಶ್ವರ ಹತ್ತಿರದ ಗೋಟೂರಿನಲ್ಲಿ. ಅದೇ ವರ್ಷ ಜುಲೈನಲ್ಲಿ ನಗಿಸುತ್ತಿದ್ದ ನರಸಿಂಹರಾಜು ಕೂಡ ಹೋದರು. ಕಲಾವಿದರು ತೆರೆಯ ಮೇಲೆ ಇರುತ್ತಾರೆ, ಮನೆಯಲ್ಲಿ ಇರುವುದಿಲ್ಲ ಎಂಬುದು ಆಗ ನಾಟಿತು. ಅಂದಿನಿಂದ ಹೀರೋಗಳಿಗಿಂತ ಮೊದಲು ತಾಯಿ ಪಾತ್ರದವರಿಗೆ, ಖಳನಟರಿಗೆ, ಮುಖವರ್ಣದವರಿಗೆ ಬರೆಯತೊಡಗಿದೆ.

“ಏನ್ ಮಾಸ್ತರ, ಮದ್ರಾಸಿಂದ ಟಪಾಲ ಬಂದೈತಿ, ಯಾರ್ದು ಹೇಳ್ರಿ ಮತ್ತ!” ಎಂದು ನಮ್ಮ ಪೋಸ್ಟಮನ್ ಕಾಡಿಸುತ್ತಿದ್ದ. ದೊಡ್ಡ ಹೆಸರಿನವರಿಂದ ಬಂದ ಸಹಿ ಕೆಲವು ಅಚ್ಚಾದವು! ಪತ್ತೆ ಹೇಗೆ? ಭೂತಗನ್ನಡಿಯಲ್ಲಿ ನೋಡಿ: ಅಚ್ಚಿನ ಸಹಿಯಲ್ಲಿ ಸಣ್ಣ ಸಣ್ಣ ಚುಕ್ಕಿ ಕಾಣುತ್ತವೆ. ರಬ್ಬರ್ ಮುದ್ರೆಯಾದರೆ ಶಾಯಿ ಅಂಚಿಗೆ ಸರಿದಿರುತ್ತದೆ. ಕೈ ಬರಹದಲ್ಲಿ ಪೆನ್ನು ಒತ್ತಿದ್ದು, ಹಗುರಾದದ್ದು ತಿಳಿಯುತ್ತದೆ.

ಸಣ್ಣ ಪಾತ್ರದವರೋ, ಕಾಗದವನ್ನೇ ಬರೆಯುತ್ತಿದ್ದರು. ಒಬ್ಬ ಹಿರಿಯ ನಟರ ಮಗಳು ಬರೆದದ್ದು ಇವತ್ತಿಗೂ ನನ್ನ ಹತ್ತಿರ ಇದೆ. ಅಪ್ಪನಿಗೆ ಕೈ ನಡುಗುತ್ತದೆ, ಎರಡು ದಿನ ಅಭ್ಯಾಸ ಮಾಡಿ ಸಹಿ ಹಾಕಿದರು, ನೀವು ಹೇಳಿದ ಆ ಪಾತ್ರ ನೆನೆದು ಬಹಳ ಹೊತ್ತು ಮಾತಾಡಿದರು ಎಂದಿದ್ದಳು. ಸಹಿ ಸೊಟ್ಟಗಿದೆ. ನನ್ನ ಟ್ರಂಕಿನ ಮಾಣಿಕ್ಯ ಅದೇ!

ನೀವೂ ಶುರು ಮಾಡುತ್ತೀರಾ? ಕಾಗದ ನಿಮ್ಮದೇ ಅಕ್ಷರದಲ್ಲಿರಲಿ. ಯಾವ ಚಿತ್ರ, ಯಾವ ದೃಶ್ಯ ಮೆಚ್ಚಿದಿರಿ ಅಂತ ಬರೆಯಿರಿ. ಒಂದೇ ಫೋಟೋ ಕಳಿಸಿ, ಹಿಂದೆ ರಟ್ಟು ಇಡಿ. ನಿಮ್ಮ ವಿಳಾಸ ಬರೆದು ಚೀಟಿ ಹಚ್ಚಿದ ಲಕೋಟೆ ಮರೆಯಬೇಡಿ. ಹೊಳಪಿನ ಫೋಟೋ ಮೇಲೆ ಬಾಲ್‌ಪೆನ್ ಹಿಡಿಯದು, ಮಾರ್ಕರ್ ಬೇಕು. ಬಂದ ಸಹಿಯನ್ನು ಬಿಸಿಲಿಗೆ ತೂಗುಹಾಕಬೇಡಿ, ಬಣ್ಣ ಹಾರುತ್ತದೆ. ನಮ್ಮ ಖಾನಾಪುರದ ಮಳೆಯಲ್ಲಂತೂ ಬೂಷ್ಟು ಗ್ಯಾರಂಟಿ! ಕದಂಬರ ಪಲಾಶಿಕಾ ನಮ್ಮ ಹಲಸಿ. ಅರಸರು ತಾಮ್ರದ ಮೇಲೆ ಬರೆಸಿದರು, ಉಳಿಯಿತು. ನಮ್ಮದು ಬರೀ ಕಾಗದ, ಜೋಪಾನ ನಾವೇ ಮಾಡಬೇಕು.

2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಎಂಬುದೇ ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಯಿತು. ಹುಡುಗರು ಸೆಲ್ಫಿ ಅಂತಾರೆ. ಇರಲಿ ಬಿಡಿ. ಆದರೆ ಎಂಬತ್ತು ದಾಟಿದ ಒಬ್ಬ ಪೋಷಕ ನಟಿ ಎಲ್ಲೋ ಒಂದು ಮನೆಯಲ್ಲಿ ಒಬ್ಬಳೇ ಕೂತಿರುತ್ತಾಳೆ. ಆಕೆಯ ಬಾಗಿಲಿಗೆ ಸೆಲ್ಫಿ ಹೋಗುವುದಿಲ್ಲ, ನಿಮ್ಮ ಕಾಗದ ಹೋಗುತ್ತದೆ. ಸಹಿ ಬಾರದಿದ್ದರೂ ಚಿಂತೆಯಿಲ್ಲ, ಬರೆಯಿರಿ. ತನ್ನನ್ನು ಜನ ಮರೆತಿಲ್ಲ ಎಂಬುದಾದರೂ ಆಕೆಗೆ ಮುಟ್ಟಲಿ!