ಜಮೀನು ಮತ್ತು ಜಾಮೀನು

ಮದ್ದೂರಿನ ಮಗ್ಗುಲಲ್ಲಿರುವ ಶಿವಪುರದ ಸತ್ಯಾಗ್ರಹ ಸೌಧವನ್ನು ನೋಡದ ಮಂಡ್ಯದ ವಿದ್ಯಾರ್ಥಿ ವಿರಳ. 1938ರ ಏಪ್ರಿಲ್ 11ರಂದು ಸರ್ಕಾರದ ನಿಷೇಧಾಜ್ಞೆಯನ್ನು ಲೆಕ್ಕಿಸದೆ ಟಿ. ಸಿದ್ಧಲಿಂಗಯ್ಯನವರು ಅಲ್ಲಿ ತ್ರಿವರ್ಣ ಧ್ವಜವನ್ನೇರಿಸಿ ಬಂಧಿತರಾದರು. ಅಂದು ಸೆರೆಮನೆಯೆಂದರೆ ಅವಮಾನವಲ್ಲ, ಮರ್ಯಾದೆ. ತಾವಾಗಿ ಸೆರೆಯನ್ನು ವರಿಸಿದವರನ್ನು ನಾವು ಇಂದಿಗೂ ಕೃತಜ್ಞತೆಯಿಂದ ನೆನೆಯುತ್ತೇವೆ, ನೆನೆಯಬೇಕಾದದ್ದೇ. ಆದರೆ ಯಾರೂ ವರಿಸದ, ಯಾರೂ ನೆನೆಯದ ಇನ್ನೊಂದು ಸೆರೆಯುಂಟು. ಅದು ಬಡವನ ಸೆರೆ.

ಜಮೀನು, ಜಾಮೀನು ಎಂಬ ಎರಡು ಪದಗಳನ್ನು ಕನ್ನಡದಲ್ಲಿ ಬರೆದು ನೋಡಿದರೆ ಅವುಗಳ ನಡುವೆ ಇರುವುದು ಒಂದು ದೀರ್ಘದ ಅಂತರ ಮಾತ್ರ. ಬಾಳಿನಲ್ಲಿ ಆ ಅಂತರವೂ ಇಲ್ಲವೇನೋ ಎನ್ನಿಸುತ್ತದೆ. ಆರೋಪಿಯನ್ನು ಬಿಡಲು ನ್ಯಾಯಾಲಯ ಒಪ್ಪಿದ ಮೇಲೂ ಅವನ ಪರವಾಗಿ ಜಾಮೀನುದಾರನೊಬ್ಬನು ನಿಲ್ಲಬೇಕು. ನಮ್ಮ ಕಡೆ ಹಾಗೆ ನಿಲ್ಲುವವನು ಸಾಮಾನ್ಯವಾಗಿ ಕೈಯಲ್ಲಿ ಹಿಡಿದು ಬರುವುದು ಜಮೀನಿನ ಪಹಣಿಯನ್ನು. ಮಳವಳ್ಳಿ ತಾಲ್ಲೂಕಿನ ಒಬ್ಬ ಕಬ್ಬು ಕಡಿಯುವ ಆಳನ್ನು ಕಲ್ಪಿಸಿಕೊಳ್ಳೋಣ. ವಿಶ್ವೇಶ್ವರಯ್ಯ ನಾಲೆಯ ನೀರು ಹರಿದು ಹಸುರಾದ ಗದ್ದೆಗಳಲ್ಲಿ ಅವನ ಬೆವರು ಬಿದ್ದಿದೆ. ಅವನ ಹೆಸರು ಮಾತ್ರ ಯಾವ ಪಹಣಿಯಲ್ಲಿಯೂ ಇಲ್ಲ. ಅವನ ನೆಂಟರೂ ಅವನಂತೆಯೇ ಕೂಲಿಕಾರರು. ಸಣ್ಣದೊಂದು ಕಳವಿನ ಆರೋಪ ಅವನ ಮೇಲೆ ಬಂದರೆ ಪಹಣಿ ತರುವವರು ಯಾರು? ಊರಿನ ಗೌಡರ ಮನೆಯ ಬಾಗಿಲಿನಲ್ಲಿ ಅವನ ಹೆಂಡತಿ ಕೈಮುಗಿದು ನಿಲ್ಲಬೇಕು. ದೂರು ಕೊಟ್ಟವರು ಆ ಮನೆಯವರೇ ಆಗಿದ್ದರೆ ಆ ಬಾಗಿಲೂ ಮುಚ್ಚಿತು. ಅಪರಾಧ ಸಿದ್ಧವಾಗುವ ಮುನ್ನವೇ ಶಿಕ್ಷೆ ಮೊದಲಾಯಿತು: ಅವನ ಕೂಲಿ ಹೋಯಿತು, ಮಗನ ಶಾಲೆ ನಿಂತಿತು, ಮನೆಗೆ ಸಾಲ ಬಂತು.

ಇದು ಒಂದು ಊರಿನ ಕಥೆಯಲ್ಲ. 2022ರ ಕೊನೆಗೆ ಭಾರತದ ಕಾರಾಗೃಹಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ ವಿಚಾರಣಾಧೀನ ಕೈದಿಗಳು. ಅಂದರೆ ನಾಲ್ವರಲ್ಲಿ ಮೂವರು ಇನ್ನೂ ಅಪರಾಧಿಗಳೆಂದು ತೀರ್ಮಾನವಾಗದವರು. ದೇಶದ ಜನಸಂಖ್ಯೆಯಲ್ಲಿ ಸುಮಾರು ಆರರಲ್ಲಿ ಒಂದು ಪಾಲಾಗಿರುವ ಪರಿಶಿಷ್ಟ ಜಾತಿಯವರು ಈ ವಿಚಾರಣಾಧೀನರಲ್ಲಿ ಸುಮಾರು ಐದರಲ್ಲಿ ಒಂದು ಪಾಲು. ಅಮೆರಿಕದಲ್ಲಿಯೂ ಸ್ಥಿತಿ ಇದಕ್ಕೆ ಹೊರತಲ್ಲ. ಅಲ್ಲಿನ ಜನಸಂಖ್ಯೆಯಲ್ಲಿ ಏಳರಲ್ಲಿ ಒಂದು ಪಾಲಿನಷ್ಟಿರುವ ಕಪ್ಪು ಜನರು ಶಿಕ್ಷೆ ಅನುಭವಿಸುತ್ತಿರುವ ಕೈದಿಗಳಲ್ಲಿ ಮೂರರಲ್ಲಿ ಒಂದು ಪಾಲಿನಷ್ಟಿದ್ದಾರೆ. ಅಲ್ಲಿ ಬಣ್ಣ, ಇಲ್ಲಿ ಜಾತಿ. ಎರಡು ಕಡೆಯೂ ಬಡತನ.

ಹುಟ್ಟಿನಿಂದಲೇ ಅಪರಾಧವನ್ನು ಅಳೆಯುವ ಈ ರೋಗ ಹಳೆಯದು. 1871ರ ಕಾನೂನು ಕೆಲವು ಸಮುದಾಯಗಳನ್ನು ಇಡಿಯಾಗಿ ‘ಅಪರಾಧಿ ಬುಡಕಟ್ಟು’ಗಳೆಂದು ಕರೆಯಿತು. ಅದು ರದ್ದಾದದ್ದು ಸ್ವಾತಂತ್ರ್ಯ ಬಂದ ಐದು ವರ್ಷಗಳ ಮೇಲೆ, 1952ರಲ್ಲಿ. ಸೆರೆಮನೆಯೊಳಗೆ ಜಾತಿ ನೋಡಿ ಗುಡಿಸುವ ಕೆಲಸವನ್ನೂ ಅಡುಗೆಯ ಕೆಲಸವನ್ನೂ ಹಂಚುವ ನಿಯಮಗಳನ್ನು ಸುಪ್ರೀಂ ಕೋರ್ಟು ತೊಡೆದುಹಾಕಿದ್ದು 2024ರ ಅಕ್ಟೋಬರಿನಲ್ಲಿ. ಗೋಡೆಯ ಹೊರಗಿನ ಊರು ಗೋಡೆಯ ಒಳಗೂ ಅಷ್ಟು ಕಾಲ ಬಾಳಿತ್ತು!

ಕಾನೂನಿಗೆ ಕರುಣೆಯೇ ಇಲ್ಲವೆಂದು ಇದರ ಅರ್ಥವಲ್ಲ. 1978ರಲ್ಲಿ ಮೋತಿರಾಮನೆಂಬ ಗಾರೆಕೆಲಸದವನ ಮೊಕದ್ದಮೆ ಸುಪ್ರೀಂ ಕೋರ್ಟಿನ ಮುಂದೆ ಬಂತು. ಕೆಳಗಿನ ನ್ಯಾಯಾಲಯ ಅವನಿಂದ 10,000 ರೂಪಾಯಿಯ ಜಾಮೀನು ಕೇಳಿತ್ತು. ಅವನ ಅಣ್ಣತಮ್ಮಂದಿರಲ್ಲೊಬ್ಬನು ಮುಂದೆ ಬಂದರೆ, ಆಸ್ತಿ ಬೇರೆ ಜಿಲ್ಲೆಯಲ್ಲಿದೆಯೆಂದು ನಿರಾಕರಿಸಿತ್ತು. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು 1,000 ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಅವನನ್ನು ಬಿಡಿಸಿದರು. ಜಾಮೀನು ಹಕ್ಕಾಗಿರುವ ಅಪರಾಧಗಳಲ್ಲಿ, ವಾರದೊಳಗೆ ಜಾಮೀನು ಒದಗಿಸಲಾರದವನನ್ನು ನಿರ್ಗತಿಕನೆಂದೇ ಭಾವಿಸಿ ಬಿಡಬೇಕೆಂದು ಕಾನೂನೇ ಹೇಳುತ್ತದೆ. 1987ರ ಕಾನೂನಿನಂತೆ ಬಂಧನದಲ್ಲಿರುವ ಯಾರೇ ಆಗಲಿ ಉಚಿತವಾಗಿ ವಕೀಲರ ನೆರವನ್ನು ಪಡೆಯಬಹುದು. ಅದಕ್ಕಾಗಿ ತಾಲ್ಲೂಕು ಮಟ್ಟದವರೆಗೂ ಸಮಿತಿಗಳ ಏರ್ಪಾಡಿದೆ. 2024ರ ಜುಲೈಯಿಂದ ಜಾರಿಗೆ ಬಂದ ಹೊಸ ಸಂಹಿತೆಯ ಪ್ರಕಾರ, ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಗೆ ಈಡಾಗುವ ಅಪರಾಧಗಳನ್ನು ಬಿಟ್ಟರೆ, ಮೊದಲ ಬಾರಿ ಆರೋಪಕ್ಕೆ ಸಿಕ್ಕಿದವನು ಗರಿಷ್ಠ ಶಿಕ್ಷೆಯ ಮೂರರಲ್ಲಿ ಒಂದು ಭಾಗದಷ್ಟು ಕಾಲ ಬಂಧನದಲ್ಲಿ ಕಳೆದ ಮೇಲೆ ಬಿಡುಗಡೆಗೆ ಅರ್ಹನಾಗುತ್ತಾನೆ.

ಹಾಗಿದ್ದರೆ ಕೊರತೆ ಎಲ್ಲಿ? ಕಾನೂನು ಪುಸ್ತಕದಲ್ಲಿದೆ, ಪುಸ್ತಕ ಓದಬಲ್ಲವನು ಸೆರೆಯ ಹೊರಗಿದ್ದಾನೆ, ಓದಲಾರದವನು ಒಳಗಿದ್ದಾನೆ. ಈ ನಡುವಣ ಹಾದಿಯನ್ನು ನಡೆದು ತೋರಿಸುವ ಕೆಲಸ ವಕೀಲರದು ಮಾತ್ರವಲ್ಲ. ಅರ್ಜಿಯೊಂದನ್ನು ಬರೆದುಕೊಡಬಲ್ಲ ಶಾಲಾ ಉಪಾಧ್ಯಾಯರದು, ತಾಲ್ಲೂಕಿನ ಕಾನೂನು ಸೇವಾ ಸಮಿತಿಯ ದಾರಿ ಹೇಳಬಲ್ಲ ಕಾಲೇಜು ವಿದ್ಯಾರ್ಥಿಯದು ಕೂಡ. ತನ್ನ ಗದ್ದೆಯಲ್ಲಿ ದುಡಿದವನಿಗಾಗಿ ಒಂದು ದಿನ ಪಹಣಿ ಹಿಡಿದು ಕೋರ್ಟಿನ ಮೆಟ್ಟಿಲೇರುವ ರೈತನದೂ ಹೌದು.

ಶಿವಪುರದಲ್ಲಿ ಅಂದು ಏರಿದ ಧ್ವಜ ಎಲ್ಲರ ಬಿಡುಗಡೆಯ ಸಂಕೇತವಾಗಿತ್ತು. ಪಹಣಿಯಿಲ್ಲದ ಒಂದೇ ಕಾರಣಕ್ಕೆ ಒಬ್ಬನು ಸೆರೆಯಲ್ಲಿ ಉಳಿಯುವತನಕ ಆ ಧ್ವಜದ ಕೆಲಸ ಮುಗಿದಿದೆಯೆನ್ನಲು ನಮಗೆ ಬಾಯಿ ಬಂದೀತೆ?